ಲೇತ್ ಓಡ್ತೈತಿ ಅಂತ ಆ್ಯಂಟಿವೈರಸ್ಸೂ ಓಡೀತೇ?

ಕರಿಬೇವು ಕೇಳೋಣ ಅಂತ ಸಂಜೆ ಕಾಂಪೌಂಡಿನ ಹತ್ತಿರ ಹೋದವನು ಮುಕ್ಕಾಲು ಗಂಟೆ ಅಲ್ಲೇ ನಿಂತೆ. ಪಕ್ಕದ ಮನೆ ಅಣ್ಣಾರದು ದಾವಣಗೆರೆ ಮಂಡಿಪೇಟೆ ಕಡೆ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಬಿಲ್ ಬುಕ್, ಜೆರಾಕ್ಸ್. ಅವತ್ತು ಮುಖ ಬಾಡಿತ್ತು.

"ಕಾಲೇಜು ಹುಡುಗ ಒಬ್ಬ ಪ್ರಿಂಟಿಗೆ ಅಂತ ಪೆನ್‌ಡ್ರೈವ್ ಕೊಟ್ಟ. ಹಾಕಿದ್ದೇ ತಡ, ನನ್ನ ಫೋಲ್ಡರೆಲ್ಲ ಶಾರ್ಟ್‌ಕಟ್ ಆಗಿ ಕುಂತಾವು ನೋಡ್ರಿ."

"ಫೈಲು ಎಲ್ಲೂ ಹೋಗಿರಲ್ಲ ಅಣ್ಣಾರೆ, ಆ ವೈರಸ್ಸು ಮುಚ್ಚಿಟ್ಟಿರ್ತದೆ, ತೆಗೆಸಬಹುದು. ಆ್ಯಂಟಿವೈರಸ್ ಇರಲಿಲ್ವಾ?"

"ಐತಲ್ರೀ! ಸೆಕ್ಯುರಿಟಿ ಎಸೆನ್ಷಿಯಲ್ಸ್. ಕೆಳಗೆ ಮೂಲೆಯಾಗೆ ಪುಟ್ಟ ಮನೆ ಚಿತ್ರ. ವಿಂಡೋಸ್ 7 ಹಾಕಿಸಿದಾಗಿಂದ ಐತಿ."

ಇದೆ, ಆದರೆ ಕಾವಲಿಲ್ಲ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ ನಿಂತದ್ದು 2020ರ ಜನವರಿ 14ಕ್ಕೆ. ಸೆಕ್ಯುರಿಟಿ ಎಸೆನ್ಷಿಯಲ್ಸ್‌ಗೂ ಅದೇ ದಿನ. ಹೊಸ ವೈರಸ್ಸುಗಳ ಗುರುತಿನ ಪಟ್ಟಿ ಮಾತ್ರ 2023ರವರೆಗೆ ಬರುತ್ತಿತ್ತು. ಆಮೇಲೆ ಅದೂ ಇಲ್ಲ.

ಅಣ್ಣಾರು ಒಪ್ಪಲಿಲ್ಲ. "ಹರಿಹರದ ಕಿರ್ಲೋಸ್ಕರ್ ಫ್ಯಾಕ್ಟರಿ ಬಾಗಿಲು ಹಾಕಿ ಎಷ್ಟು ವರ್ಷ ಆತು? ಅವರ ಲೇತು ನಮ್ಮ ಭಾವನ ವರ್ಕ್‌ಶಾಪಿನಾಗೆ ಇವತ್ತಿಗೂ ಓಡ್ತೈತಿ."

ಆ ಮಾತಿಗೆ ತೂಕವಿತ್ತು. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಮಾಡಿದ ಲೇತುಗಳನ್ನು ಕಂಡ ಊರಿನವರು ಹಳೇ ಯಂತ್ರವನ್ನು ಸುಲಭಕ್ಕೆ ಬಿಡುವವರಲ್ಲ. ಆದರೆ ಲೇತು ಕಡಿಯುವ ಕಬ್ಬಿಣ ಅವತ್ತೂ ಅದೇ, ಇವತ್ತೂ ಅದೇ. ವೈರಸ್ಸು ಹಾಗಲ್ಲ, ದಿನಾ ಹೊಸದು ಹುಟ್ಟುತ್ತದೆ. ಪಟ್ಟಿ ಬರುವುದು ನಿಂತ ಆ್ಯಂಟಿವೈರಸ್ಸಿಗೆ ಹಳೇ ಕಳ್ಳರ ಮುಖವಷ್ಟೇ ಗೊತ್ತು. ಅದೂ ಅಲ್ಲದೆ, ವಿಂಡೋಸ್‌ನ ಗೋಡೆಯಲ್ಲೇ ಬಿರುಕು ಬಿಟ್ಟರೆ ಆ್ಯಂಟಿವೈರಸ್ ಎಷ್ಟೂಂತ ಕಾದೀತು? 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ವೈರಸ್ಸು ಜಗತ್ತಿನ ತುಂಬ ಹಬ್ಬಿದ್ದು ಅಂಥ ಬಿರುಕಿನಿಂದಲೇ. ಅದನ್ನು ಮುಚ್ಚುವ ಅಪ್‌ಡೇಟು ಎರಡು ತಿಂಗಳ ಹಿಂದೆ, ಮಾರ್ಚಿನಲ್ಲೇ ಬಂದಿತ್ತು.

ಸ್ವಲ್ಪ ಹೊತ್ತು ಸುಮ್ಮನಿದ್ದು ಅಣ್ಣಾರು ನಿಜವಾದ ಸಂಕಟ ಹೇಳಿದರು. "ಇಪ್ಪತ್ತು ವರ್ಷದ ಮ್ಯಾಟರು ಐತ್ರೀ ಅದರಾಗೆ. ಎಲ್ಲಾ ಹಳೇ ನುಡಿ ಫಾಂಟು, ಪೇಜ್‌ಮೇಕರ್. ಹೊಸಾದ್ರಾಗೆ ತೆಗೆದರೆ ಒತ್ತಕ್ಷರ ಒಡೆದು ಹೋದರೆ?"

ಈ ಭಯ ನನಗೆ ಅರ್ಥವಾಗುತ್ತದೆ. ನಮ್ಮ ಕನ್ನಡದ ಅಂಗಡಿಗಳು ಹಳೇ ಕಂಪ್ಯೂಟರಿಗೆ ಅಂಟಿಕೊಂಡಿರುವುದು ಜಿಪುಣತನದಿಂದಲ್ಲ, ಅಕ್ಷರ ಉಳಿಸಿಕೊಳ್ಳಲಿಕ್ಕೆ. ಅದಕ್ಕೇ ಹೇಳಿದೆ: "ಹಳೇದನ್ನ ಎಸೀಬೇಡ್ರಿ. ಇಂಟರ್ನೆಟ್ ವೈರು ಕಿತ್ತು, ಪೇಜ್‌ಮೇಕರಿಗೆ ಅಂತ್ಲೇ ಇಟ್ಕಳ್ರಿ. ಗಿರಾಕಿ ಪೆನ್‌ಡ್ರೈವ್ ಅದಕ್ಕೆ ಮುಟ್ಟಿಸಬೇಡ್ರಿ. ಮ್ಯಾಟರೆಲ್ಲ ಬೇರೆ ಹಾರ್ಡ್‌ಡಿಸ್ಕಿಗೆ ಕಾಪಿ ಮಾಡಿ, ನಾಲ್ಕು ಫೈಲು ತೆಗೆದು ನೋಡ್ರಿ. ಗಿರಾಕಿ ಕೆಲಸಕ್ಕೆ ವಿಂಡೋಸ್ 11 ಇರೋದು ಒಂದು ತಗೊಳ್ರಿ. ಡಿಫೆಂಡರ್ ಅನ್ನೋ ಆ್ಯಂಟಿವೈರಸ್ ಅದರ ಜೊತೆಗೇ ಬರ್ತದೆ. ಸೆಕೆಂಡ್ ಹ್ಯಾಂಡ್ ಅಂತ 10 ಕೊಟ್ಟರೆ ಬೇಡ ಅನ್ರಿ. ಅದರ ಮಾಮೂಲಿ ಬೆಂಬಲಾನೂ 2025ರ ಅಕ್ಟೋಬರ್ 14ಕ್ಕೆ ಮುಗೀತು."

"ದುಡ್ಡು ಕೊಟ್ಟು ಬೇರೆ ಆ್ಯಂಟಿವೈರಸ್ ಹಾಕಿಸಿದರೆ?"

"ಹಾಕಿಸ್ರಿ, ಆದರೆ ಮೊದಲು ಹಳೇ ಆ್ಯಂಟಿವೈರಸ್ಸನ್ನ ಪೂರ್ತಿ ತೆಗೆಸ್ರಿ. ಎರಡು ಒಟ್ಟಿಗೆ ಇದ್ದರೆ ಒಂದಕ್ಕೊಂದು ಅಡ್ಡ ಬಿದ್ದು ಕಂಪ್ಯೂಟರೇ ನಿಂತುಹೋಗಬಹುದು."

ನಿಮ್ಮ ಅಂಗಡಿಯಲ್ಲೂ ಮೂಲೆಯಲ್ಲಿ ಅಂಥದ್ದೊಂದು ಚಿತ್ರ ಇದ್ದರೆ ಇವತ್ತೇ ಅದನ್ನು ತೆರೆದು, ಕೊನೇ ಸಲ ಅಪ್‌ಡೇಟ್ ಆದ ತಾರೀಖು ನೋಡಿ.