ಒಂದನೇ ತರಗತಿಗೆ ಸೇರಿದ ಮನೆ: ಬಳಕೆದಾರರ ಕೈಪಿಡಿ

ಅಭಿನಂದನೆಗಳು. ನಿಮ್ಮ ಮನೆ ಈಗ ಒಂದನೇ ತರಗತಿಗೆ ಸೇರಿದೆ. ದಾಖಲಾತಿ ಪುಸ್ತಕದಲ್ಲಿ ಮಗುವಿನ ಹೆಸರೊಂದೇ ಇದ್ದೀತು, ಅದು ಬರೆಯುವವರ ಅನುಕೂಲಕ್ಕೆ. ನಿಜಕ್ಕೂ ಸೇರಿದ್ದು ಅಪ್ಪ, ಅಮ್ಮ, ಅಜ್ಜ, ಅಜ್ಜಿ ಮತ್ತು ಬಚ್ಚಲ ಒಲೆಯ ಮೇಲಿನ ತಂತಿಯಲ್ಲಿ ಮೂರು ದಿನದಿಂದ ಒಣಗದೆ ನೇತಾಡುತ್ತಿರುವ ಯೂನಿಫಾರ್ಮು. ಬಳಸುವ ಮೊದಲು ಕೈಪಿಡಿಯನ್ನು ಪೂರ್ತಿ ಓದಿ. ಪುರುಸೊತ್ತಿಲ್ಲದಿದ್ದರೆ, ಮಿಕ್ಸರಿನ ಕೈಪಿಡಿಗೆ ಮಾಡಿದಂತೆ, ಕೆಟ್ಟ ಮೇಲೆ ಹುಡುಕಿ ತೆಗೆಯಿರಿ.

ಇದು ಶಿರಸಿ ಸೀಮೆಯ ಘಟ್ಟದ ಮೇಲಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಮಾದರಿಗೆ ಮಾತ್ರ ಅನ್ವಯ: 1ರಿಂದ 5ನೇ ತರಗತಿ, ಎರಡು ಕೋಣೆ, ಇಬ್ಬರು ಅಕ್ಕೋರು, ಒಂದು ಅಡುಗೆಮನೆ, ಗೇಟಿನ ಹತ್ತಿರ ಒಂದು ನೇರಳೆ ಮರ. ಹಳದಿ ಬಸ್ಸು ಬಾಗಿಲಿಗೆ ಬರುವ ಮಾದರಿಯವರು ಬೇರೆ ಕೈಪಿಡಿ ನೋಡಿಕೊಳ್ಳಬೇಕು. ಅದರ ಬೆಲೆಯೂ ಬೇರೆ.

ಜೋಡಣೆಗೆ ಮುನ್ನ

ಮಗುವಿನ ವಯಸ್ಸು ಪರಿಶೀಲಿಸಿ. ಜೂನ್ 1ಕ್ಕೆ 6 ವರ್ಷ ತುಂಬಿರಬೇಕೆಂದು 2022ರಲ್ಲಿ ಆದೇಶವಾಯಿತು, 2025-26ರಿಂದ ಕಡ್ಡಾಯ ಎಂದಾಯಿತು. ಆ ವರ್ಷ ಬಂದಾಗ, ಆ ಒಂದು ಸಾಲಿಗೆ 5 ವರ್ಷ 5 ತಿಂಗಳಾದರೂ ಸಾಕು ಎಂದಾಯಿತು. ನಮ್ಮ ಪಕ್ಕದ ಮನೆಯ ಹುಡುಗ ಮಾರ್ಚಿನಲ್ಲಿ ಚಿಕ್ಕವನಾಗಿದ್ದ, ಏಪ್ರಿಲ್ ಮುಗಿಯುವುದರೊಳಗೆ ದೊಡ್ಡವನಾದ. ಹಾಲು ಕುಡಿದು ಬೆಳೆದದ್ದು ಎಂದು ಅವನ ಅಜ್ಜಿ ನಂಬಿದ್ದಾಳೆ.

ಪೆಟ್ಟಿಗೆಯಲ್ಲಿ ಪಠ್ಯಪುಸ್ತಕ, ಸಮವಸ್ತ್ರ, ಒಂದು ಜೊತೆ ಕಪ್ಪು ಶೂ, ಎರಡು ಜೊತೆ ಬಿಳಿ ಸಾಕ್ಸ್ ಇರುತ್ತವೆ. ಎಲ್ಲವೂ ಉಚಿತ, ಎಲ್ಲವೂ ಒಂದೇ ದಿನ ಬರುವುದಿಲ್ಲ. ಶೂಗೆ ಕಿರಿಯ ತರಗತಿಗಳಲ್ಲಿ ತಲೆಗೆ 265 ರೂಪಾಯಿಯ ಲೆಕ್ಕ ಬಹಳ ವರ್ಷ ನಡೆಯಿತು. ಮಲೆನಾಡಿನ ಜುಲೈನಲ್ಲಿ ಬಿಳಿ ಸಾಕ್ಸ್ ತೊಡಿಸುವ ವಿಚಾರ ಯಾರ ತಲೆಯಲ್ಲಿ ಹುಟ್ಟಿತೋ ತಿಳಿಯದು, ಅವರು ಗದ್ದೆಯ ಹಾಳಿಯ ಮೇಲೆ ನಡೆದವರಂತೂ ಅಲ್ಲ. ಶೂವನ್ನು ಸ್ವಾತಂತ್ರ್ಯ ದಿನಕ್ಕೆಂದು ಅಟ್ಟದ ಮೇಲಿಡಿ. ಆಗಸ್ಟ್ 15ಕ್ಕೆ ತೆಗೆದಾಗ ಬೂಷ್ಟು ಹಿಡಿದಿರುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿ. ಅಷ್ಟರಲ್ಲಿ ಕಾಲು ಬೆಳೆದಿರುತ್ತದೆ, ಅದಕ್ಕೆ ಈ ಕೈಪಿಡಿಯಲ್ಲಿ ಪರಿಹಾರವಿಲ್ಲ.

ಯೂನಿಫಾರ್ಮು ಒಣಗುವುದು ಬಚ್ಚಲ ಒಲೆಯ ಹೊಗೆಯಲ್ಲೇ. ಬೆಳಗಿನ ಪ್ರಾರ್ಥನೆಗೆ ಸಾಲು ನಿಂತಾಗ ಯಾರ ಮನೆಯಲ್ಲಿ ಅಡಿಕೆ ಸೋಗೆ ಉರಿಸಿದ್ದಾರೆ, ಯಾರ ಮನೆಯಲ್ಲಿ ಹಸಿ ಕಟ್ಟಿಗೆ ಎಂದು ಅಕ್ಕೋರು ಮೂಗಿನಲ್ಲೇ ಹೇಳಬಲ್ಲರು.

ಬ್ಯಾಗಿನ ತೂಕಕ್ಕೆ 2019ರ ಸುತ್ತೋಲೆಯಿದೆ. ಒಂದು ಮತ್ತು ಎರಡನೇ ತರಗತಿಗೆ ಒಂದೂವರೆಯಿಂದ ಎರಡು ಕೆಜಿ, ಮೀರಬಾರದು. ತಿಂಗಳ ಮೂರನೇ ಶನಿವಾರ ಬ್ಯಾಗೇ ಬೇಡ, ಅದು ಸಂಭ್ರಮ ಶನಿವಾರ. ನಾನು ಅಡಿಕೆ ತೂಗುವ ತಕ್ಕಡಿಯಲ್ಲಿ ಮಗಳ ಬ್ಯಾಗು ತೂಗಿದೆ. ಎರಡೂಮುಕ್ಕಾಲು ಬಂತು. ಸರ್ಕಾರಕ್ಕೆ ಪತ್ರ ಬರೆಯಬೇಕೆಂದು ಪೆನ್ನು ತೆಗೆದವನು, ಮೊದಲು ಒಳಗೇನಿದೆ ನೋಡೋಣ ಎಂದು ಬ್ಯಾಗು ಬೋರಲು ಹಾಕಿದೆ. ಹೊಳೆಯ ಕಲ್ಲು ಹದಿನಾಲ್ಕು, ಕೊಡೆಯ ಮುರಿದ ಕಡ್ಡಿ ಒಂದು, ಒಣಗಿದ ಸಂಪಿಗೆ, ಯಾರದೋ ಒಂದು ಚಪ್ಪಲಿ. ಪತ್ರ ಬರೆಯಲಿಲ್ಲ.

ಸುದ್ದಿ ಪಡೆಯುವ ವಿಧಾನ

ಶಾಲೆಯಿಂದ ಮನೆಗೆ ಸುದ್ದಿ ತರುವ ಅಧಿಕೃತ ವಾಹಕ ಮಗು. ವಾಹಕದ ವೇಗ ಚೆನ್ನಾಗಿದೆ, ಸರಕು ಮಾತ್ರ ದಾರಿಯಲ್ಲಿ ಇಳಿದುಹೋಗಿರುತ್ತದೆ. "ಇವತ್ತು ಎಂತ ಹೇಳಿಕೊಟ್ಟರು?" ಎಂದು ಕೇಳಬೇಡಿ. "ಎಂತದೂ ಇಲ್ಲ" ಎಂಬ ಉತ್ತರ ಮೊದಲೇ ಅಚ್ಚಾಗಿ ಬಂದಿದೆ. "ಇವತ್ತು ಊಟಕ್ಕೆ ಎಂತ ಇತ್ತು?" ಎಂದು ಕೇಳಿ. ಸಾಂಬಾರಿನಿಂದ ಶುರುವಾಗುತ್ತದೆ. ಸಾಂಬಾರಿನಲ್ಲಿ ಸೌತೆಕಾಯಿ ಇತ್ತು, ಅದು ಶಾಲೆಯ ಕೈತೋಟದ್ದು, ಅದನ್ನು ಕೊಯ್ದವನು ನಾಲ್ಕನೇ ತರಗತಿಯವನು, ಅವನು ಬಿದ್ದ, ಅಕ್ಕೋರು ಮುಲಾಮು ಹಚ್ಚಿದರು, ಆಗ ಪಾಠ ನಿಂತಿತು, ಯಾವ ಪಾಠವೆಂದರೆ... ಹೀಗೆ ಅನ್ನದ ದಾರಿಯಲ್ಲಿ ಅಕ್ಷರಕ್ಕೆ ಹೋಗಬಹುದು. ಶಾಲೆಯ ಊಟದ ಯೋಜನೆಗೆ ಅಕ್ಷರ ದಾಸೋಹ ಎಂದು ಹೆಸರಿಟ್ಟವರಿಗೆ ಇದು ಗೊತ್ತಿದ್ದಿರಬೇಕು.

ಊಟದ ಲೆಕ್ಕವನ್ನೂ ತಿಳಿದಿರಿ. ಕಿರಿಯ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ. ಹಾಲು 2013ರ ಆಗಸ್ಟ್ 1ರಿಂದ ಬಂತು: 18 ಗ್ರಾಂ ಪುಡಿ ಕದಡಿದರೆ 150 ಮಿಲಿ. 2024ರ ಫೆಬ್ರುವರಿಯಿಂದ ವಾರಕ್ಕೆ ಮೂರು ದಿನ ಅದಕ್ಕೆ ರಾಗಿ ಮಾಲ್ಟ್ ಬೆರೆಯಿತು. ಮೊಟ್ಟೆ ವಾರಕ್ಕೆ ಎರಡಿದ್ದದ್ದು ಅದೇ ವರ್ಷ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ಆರಾಯಿತು, ತಿನ್ನದವರಿಗೆ ಬಾಳೆಹಣ್ಣು. ಗ್ರಾಮು, ಮಿಲಿ ಎಲ್ಲ ಕಾಗದದ ಮೇಲಿನದು. ಯಾವ ಮಗು ನಿನ್ನೆ ರಾತ್ರಿ ಉಣ್ಣದೆ ಮಲಗಿತ್ತು, ಯಾವುದಕ್ಕೆ ಇನ್ನೊಂದು ಸೌಟು ಬಡಿಸಬೇಕು ಎಂಬ ಪಟ್ಟಿ ಅಡುಗೆಯಕ್ಕನ ತಲೆಯಲ್ಲಿದೆ. ಅವಳಿಗೆ ಸಿಗುವುದಕ್ಕೆ ಸಂಬಳ ಎಂಬ ಹೆಸರಿಲ್ಲ, ಗೌರವಧನ ಎನ್ನುತ್ತಾರೆ. ಶಾಲೆಯ ನಿಜವಾದ ಸುದ್ದಿ ಬೇಕಿದ್ದರೆ ವಾಟ್ಸಾಪ್ ಗುಂಪು ಮುಚ್ಚಿ, ಮಧ್ಯಾಹ್ನ ಪಾತ್ರೆ ತೊಳೆಯುವ ಹೊತ್ತಿಗೆ ಅವಳ ಹತ್ತಿರ ಎರಡು ನಿಮಿಷ ನಿಲ್ಲಿ.

ಎಚ್ಚರಿಕೆ: ಅ ಆ ಇ ಈ ಹುಡುಕಬೇಡಿ

ಈ ಭಾಗವನ್ನು ಅಜ್ಜಂದಿರಿಗೆ ಜೋರಾಗಿ ಓದಿ ಹೇಳಬೇಕು.

ನಮ್ಮಲ್ಲಿ ಜಗಳ ಶುರುವಾದದ್ದು ಸ್ಲೇಟಿನಿಂದ. ಶಾಲೆಗೆ ಹೋಗಿ ತಿಂಗಳಾದ ಮೊಮ್ಮಗಳನ್ನು ಕೂರಿಸಿಕೊಂಡು ಅಪ್ಪ "ಅ ಆ ಬರಿ" ಎಂದರು. ಅವಳು ರ ಬರೆದಳು. ಆಮೇಲೆ ಗ, ಸ, ದ. ಕಡೆಗೆ ಅ. "ಆ ಎಲ್ಲಿ?" ಎಂದರೆ "ನಮ್ಮ ಏಣಿಯಲ್ಲಿ ಅದು ಇನ್ನೂ ಬಂದಿಲ್ಲ" ಎಂದಳು. ಅಪ್ಪ ನನ್ನ ಮುಖ ನೋಡಿದರು. ಕನ್ನಡ ವರ್ಣಮಾಲೆಯನ್ನು ಮನೆಯಲ್ಲಿ ಕಳೆದುಹಾಕಿದವನು ನಾನೇ ಎಂಬ ನೋಟ.

ಮಾರನೇ ದಿನ ಶಾಲೆಗೆ ಹೋಗಿ ಕೇಳಿದ ಮೇಲೆ ತಿಳಿಯಿತು. ಇದು ನಲಿಕಲಿ. 1995ರ ಸುಮಾರಿಗೆ ಹೆಗ್ಗಡದೇವನಕೋಟೆಯ ಶಿಕ್ಷಕರು ರಿಷಿವ್ಯಾಲಿಯ ಶಾಲೆಗಳನ್ನು ನೋಡಿ ಬಂದು ಕಟ್ಟಿದ ಪದ್ಧತಿ, 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಒಂದು, ಎರಡು, ಮೂರನೇ ತರಗತಿಯವರು ಒಂದೇ ಕೋಣೆಯಲ್ಲಿ ನೆಲದ ಮೇಲೆ ಗುಂಪು ಗುಂಪಾಗಿ ಕೂರುತ್ತಾರೆ. ಪಾಠದ ಬದಲು ಕಾರ್ಡುಗಳು, ಕಾರ್ಡಿನ ಮೇಲೆ ಪ್ರಾಣಿಯೋ ಹಕ್ಕಿಯೋ, ಗೋಡೆಯ ಮೇಲೆ ಕಲಿಕೆಯ ಏಣಿ, ತಲೆಯ ಮೇಲೆ ಮಕ್ಕಳ ಚಿತ್ರಗಳು ತೂಗುವ ಚಪ್ಪರ. ಮಗು ತನ್ನ ಮೆಟ್ಟಿಲು ತಾನೇ ಹುಡುಕಿಕೊಂಡು, ತನ್ನ ಕಾರ್ಡು ತಾನೇ ತೆಗೆದುಕೊಂಡು, ತನ್ನ ತಟ್ಟೆಗೆ ಹೋಗಿ ಕೂರುತ್ತದೆ. ತಟ್ಟೆ ಎಂದರೆ ಊಟದ್ದಲ್ಲ, ಗುಂಪು. ನಾನು ಒಂದು ವಾರ ಅದನ್ನು ಊಟದ್ದೆಂದೇ ತಿಳಿದಿದ್ದೆ.

ರ ಗ ಸ ದ ಅ ಯಾಕೆ ಮೊದಲು? ಬರೆಯುವುದು ಸುಲಭ ಮತ್ತು ಕೂಡಲೇ ಪದವಾಗುತ್ತವೆ. ಸರ, ದರ, ಅರಸ, ಗರಗಸ. ಐದೇ ಅಕ್ಷರಕ್ಕೆ ಒಬ್ಬ ರಾಜ, ಅವನ ಕೊರಳಿಗೆ ಹಾರ, ಮರ ಕೊಯ್ಯುವ ಹತ್ಯಾರವೂ ಸಿಕ್ಕಿತು. ನಾವು ಅ ಆ ಇ ಈ ಎಂದು ಔ ಅಂ ಅಃ ವರೆಗೆ ಕುದುರೆಯಂತೆ ಓಡಿದರೂ ಆ ದಾರಿಯಲ್ಲಿ ಓದಲು ಒಂದು ಪದ ಸಿಗುತ್ತಿರಲಿಲ್ಲ. ಇದನ್ನು ವಿವರಿಸಿದಾಗ ಅಪ್ಪ ಒಪ್ಪಲಿಲ್ಲ. ಎರಡು ದಿನದ ನಂತರ ಕೊಟ್ಟಿಗೆಯಲ್ಲಿ ಗರಗಸಕ್ಕೆ ಎಣ್ಣೆ ಹಚ್ಚುತ್ತಿದ್ದವರ ಎದುರು ಮೊಮ್ಮಗಳು ನಿಂತು ಅದರ ಹೆಸರನ್ನು ಸೀಮೆಸುಣ್ಣದಲ್ಲಿ ಬಾಗಿಲ ಮೇಲೆ ಬರೆದಳು. ಅಪ್ಪ ಅದನ್ನು ಅಳಿಸಿಲ್ಲ. ಒಪ್ಪಿದ್ದೇನೆ ಎಂದು ಈಗಲೂ ಹೇಳಿಲ್ಲ.

ಪದ್ಧತಿಗೆ ದೋಷವಿಲ್ಲವೆಂದಲ್ಲ. ಮೂರು ತರಗತಿ ಒಬ್ಬರ ಕೈಯಲ್ಲಿರುತ್ತವೆ, ಇನ್ನೊಬ್ಬ ಅಕ್ಕೋರು ತರಬೇತಿಗೆ ಹೋದ ದಿನ ಐದೂ ಅವರ ಪಾಲಿಗೆ ಬರುತ್ತವೆ. ಆ ದಿನ ಯಾವ ಏಣಿಯೂ ಮೇಲಕ್ಕೆ ಹೋಗುವುದಿಲ್ಲ. ಅಕ್ಕೋರನ್ನು ಕರೆದೊಯ್ಯುವುದು ತರಬೇತಿಯೊಂದೇ ಅಲ್ಲ. 2025ರ ದಸರಾ ರಜೆ ಅಕ್ಟೋಬರ್ 18ರವರೆಗೆ ಬೆಳೆದದ್ದು ಶಿಕ್ಷಕರು ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಮನೆಮನೆ ತಿರುಗುತ್ತಿದ್ದುದರಿಂದ. ನಮ್ಮ ಮನೆಗೆ ಬಂದವರು ಬೇರೆ ಊರಿನ ಅಕ್ಕೋರು. ಅಪ್ಪನಿಗೆ 60 ಪ್ರಶ್ನೆ ಕೇಳಿದರು. ಮಗಳು ಕಂಬ ಹಿಡಿದು ನಿಂತು ಎಲ್ಲ ಕೇಳಿಸಿಕೊಂಡು, ಅವರು ಹೋದ ಮೇಲೆ "ಅಜ್ಜ ಪಾಸಾ?" ಎಂದಳು.

ಮಳೆ ರಜೆ: ತುರ್ತು ನಿಲುಗಡೆ

ಜೂನ್, ಜುಲೈ ತಿಂಗಳಲ್ಲಿ ಯಂತ್ರವನ್ನು ನಿಲ್ಲಿಸುವ ಗುಂಡಿ ಕಾರವಾರದಲ್ಲಿದೆ. ಜಿಲ್ಲಾಧಿಕಾರಿ ಸಮುದ್ರದ ಮಳೆ ನೋಡಿ ಘಟ್ಟದ ಮಳೆ ಅಂದಾಜು ಮಾಡಬೇಕು, ಪಾಪ, ಸುಲಭವಲ್ಲ. ಮುಂಡಗೋಡದಲ್ಲಿ ಬಿಸಿಲು ಹೊಡೆಯುವಾಗ ಸಿದ್ದಾಪುರದಲ್ಲಿ ಸಂಕ ತೇಲಿಹೋಗಿರುತ್ತದೆ. ಹಾಗಾಗಿ ಆದೇಶದಲ್ಲಿ ತಾಲ್ಲೂಕುಗಳ ಹೆಸರು ಒಂದೊಂದಾಗಿ ಇರುತ್ತವೆ, ಜನ ಅದನ್ನು ಲಾಟರಿ ಫಲಿತಾಂಶದಂತೆ ಓದುತ್ತಾರೆ. ನಡುವೆ ಹಳೆಯ ವರ್ಷದ ಆದೇಶಕ್ಕೆ ಯಾರೋ ಒಬ್ಬ ಹೊಸ ದಿನಾಂಕ ಅಂಟಿಸಿ ವಾಟ್ಸಾಪ್ ಗುಂಪಿಗೆ ಹಾಕಿರುತ್ತಾನೆ. ಪರೀಕ್ಷಿಸುವ ಕ್ರಮ: ವಾರದ ಹೆಸರು ದಿನಾಂಕಕ್ಕೆ ತಾಳೆಯಾಗುತ್ತದೆಯೇ ನೋಡಿ. ಆಮೇಲೂ ಅನುಮಾನವಿದ್ದರೆ ಅಕ್ಕೋರಿಗೆ ಫೋನು ಮಾಡಿ. ಅವರಿಗೂ ಗೊತ್ತಿರುವುದಿಲ್ಲ, ಅವರೂ ಅದೇ ಗುಂಪಿನಲ್ಲಿದ್ದಾರೆ.

ಮಗುವಿಗೆ ಡಬ್ಬಿ ತುಂಬಿ, ಜಡೆ ಹೆಣೆದು, ಕೊಡೆ ಕೈಗೆ ಕೊಟ್ಟ ಕ್ಷಣಕ್ಕೆ ರಜೆ ಘೋಷಣೆಯಾಗುತ್ತದೆ. ರಜೆ ಕೊಟ್ಟ ದಿನ ಹತ್ತೂವರೆಗೆ ಮಳೆ ನಿಲ್ಲುತ್ತದೆ. ಎರಡೂ ಸಾಮಾನ್ಯ ವರ್ತನೆ, ದೂರು ಸ್ವೀಕರಿಸಲಾಗುವುದಿಲ್ಲ. ತಪ್ಪಿದ ಪಾಠವನ್ನು ಮುಂದಿನ ಶನಿವಾರಗಳ ಮಧ್ಯಾಹ್ನ ವಸೂಲು ಮಾಡುತ್ತಾರೆ. ಆಕಾಶ ಕೊಟ್ಟದ್ದನ್ನು ಇಲಾಖೆ ಹಿಂತೆಗೆದುಕೊಳ್ಳುವುದು ಹೇಗೆಂದು ಮಕ್ಕಳಿಗೆ ಅರ್ಥವಾಗಿಲ್ಲ.

ಸಾಮಾನ್ಯ ದೋಷಗಳು

ಮಗು "ಅಕ್ಕೋರು ಹಾಗೆ ಹೇಳಿಲ್ಲ" ಎಂದು ನಿಮ್ಮನ್ನು ತಿದ್ದುತ್ತದೆ. ಇದು ದೋಷವಲ್ಲ. ಮೂರನೇ ತರಗತಿವರೆಗೆ ಇರುತ್ತದೆ. ಆಮೇಲೆ ಅಕ್ಕೋರನ್ನೂ ತಿದ್ದತೊಡಗುತ್ತದೆ.

ಸೋಮವಾರ ಹೊಟ್ಟೆನೋವು. ಮೊಟ್ಟೆಯ ವಿಚಾರ ಎತ್ತಿ. ಕಡಿಮೆಯಾದರೆ ಕಳಿಸಿ, ಆಗದಿದ್ದರೆ ನಿಜವಾದ ನೋವು.

ರಾತ್ರಿ ಒಂಬತ್ತಕ್ಕೆ, ನಿದ್ದೆಗಣ್ಣಿನಲ್ಲಿ, "ನಾಳೆ ಪ್ರತಿಭಾ ಕಾರಂಜಿ, ನಂದು ಛದ್ಮವೇಷ, ಒನಕೆ ಓಬವ್ವ" ಎಂಬ ಘೋಷಣೆ. ಚೀಟಿ ಎಂಟು ದಿನದ ಹಿಂದೆಯೇ ಬಂದಿತ್ತು, ಹೊಳೆಯ ಕಲ್ಲುಗಳ ಕೆಳಗಿತ್ತು. ಸೀರೆಗೆ ಟವೆಲ್ಲು, ಕಚ್ಚೆಗೆ ಸೇಫ್ಟಿ ಪಿನ್ನು ಸಿಕ್ಕಿತು. ಒನಕೆ ಸಿಗಲಿಲ್ಲ. ಟಾರ್ಚು ಹಿಡಿದು ಏಳು ಮನೆ ತಿರುಗಿದೆ. ಎಲ್ಲರ ಮನೆಯಲ್ಲೂ ಮಿಕ್ಸರಿತ್ತು. ಎಂಟನೆಯ ಮನೆಯ ಅಜ್ಜಿ ಅಟ್ಟದಿಂದ ಒಂದು ಇಳಿಸಿಕೊಟ್ಟಳು, ಅದು ಮಗಳಿಗಿಂತ ಉದ್ದವಿತ್ತು, ಎತ್ತಲು ಇಬ್ಬರು ಹೈದರಾಲಿಯ ಸೈನಿಕರು ಬೇಕಾಗಿದ್ದರು. ಕಡೆಗೆ ಅಡಿಕೆ ದಬ್ಬೆಗೆ ಬಟ್ಟೆ ಸುತ್ತಿದೆವು. ಬಹುಮಾನ ಪಕ್ಕದ ಶಾಲೆಯ ಬಾಳೆಗೊನೆ ವೇಷದ ಹುಡುಗನಿಗೆ ಬಂತು. ಅವನ ಮನೆಯವರು ಚೀಟಿಯನ್ನು ಅದೇ ದಿನ ಓದಿದ್ದರು.

ನಿರ್ವಹಣೆ

ಯಂತ್ರವನ್ನು ನಡೆಸುವ ಸಮಿತಿಗೆ ಎಸ್‌ಡಿಎಂಸಿ ಎಂದು ಹೆಸರು. 2001ರಿಂದ ಇದೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಇಂಥ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಅಂದರೆ ಶೂ ಬೇಕೋ ಸ್ಯಾಂಡಲ್ ಬೇಕೋ ಎಂದು ಮಾತಾಡಬೇಕಾದವರು ನಾವೇ. ಬಿಳಿ ಸಾಕ್ಸಿನ ಬಗ್ಗೆ ಮೇಲೆ ನಾನು ಮಾಡಿದ ವ್ಯಂಗ್ಯವನ್ನು ಸಮಿತಿಯ ಕಳೆದ ಸಭೆಯಲ್ಲಿ ಮಾಡಬೇಕಿತ್ತು. ಮಾಡಲಿಲ್ಲ, ಏಕೆಂದರೆ ಅಂದು ನಾನು ಹೋಗಿರಲಿಲ್ಲ. ಅಡಿಕೆಗೆ ಔಷಧಿ ಹೊಡೆಯುವುದಿತ್ತು. ಎಲ್ಲರಿಗೂ ಅಂದೇ ಔಷಧಿ ಹೊಡೆಯುವುದಿತ್ತು. ಬಂದವರು ಮೂವರು, ಮೂವರೂ ಹೆಂಗಸರು. ಅವರೇ ನಿರ್ಣಯ ಬರೆಸಿ, ಶೌಚಾಲಯದ ಬಾಗಿಲ ಚಿಲಕ ರಿಪೇರಿ ಮಾಡಿಸಿ, ಉಳಿದವರ ಸಹಿಗೆ ಪುಸ್ತಕವನ್ನು ಮನೆಮನೆಗೆ ಕಳಿಸಿದರು. ನನ್ನ ಸಹಿ ಎಷ್ಟು ಚೆನ್ನಾಗಿ ಬಂದಿದೆಯೆಂದರೆ ನೋಡಿದರೆ ಸಭೆಯಲ್ಲಿ ಇದ್ದವನಂತೆಯೇ ಕಾಣುತ್ತದೆ.

ಮುಂದಿನ ಸಭೆ ಈ ಶನಿವಾರ, ಬೆಳಗಿನ ಶಾಲೆ ಬಿಟ್ಟ ಮೇಲೆ, ನಲಿಕಲಿ ಕೋಣೆಯಲ್ಲಿ. ಕುರ್ಚಿಗಳಿಲ್ಲ, ನೆಲದ ಮೇಲೆ ಕೂರಬೇಕು. ಬರುವಾಗ ಒಂದು ಪೆನ್ನು ತನ್ನಿ, ಕಳೆದ ಸಲ ಶಾಲೆಯ ಪೆನ್ನು ಯಾರೋ ಜೇಬಿಗಿಟ್ಟುಕೊಂಡು ಹೋಗಿದ್ದಾರೆ.