ಕೃಷ್ಣಾ ಕೊಳ್ಳದ ಷಟ್ಪದಿ: ‘ಬೊಹೀಮಿಯನ್ ರ‍್ಯಾಪ್ಸೊಡಿ’ಯ ದೇಶ, ಕಾಲ, ಕರ್ತೃ ವಿಚಾರ

1975ರ ಅಕ್ಟೋಬರ್ 31ರಂದು, ಎಂದರೆ ಕನ್ನಡ ರಾಜ್ಯೋತ್ಸವದ ಮುನ್ನಾದಿನ, ಇಂಗ್ಲೆಂಡಿನ ‘ಕ್ವೀನ್’ ಎಂಬ ರಾಕ್ ಮೇಳದವರು ಒಂದು ಹಾಡಿನ ತಟ್ಟೆ ಬಿಡುಗಡೆ ಮಾಡಿದರು. ಮರುದಿನದ ಧ್ವಜವಂದನೆಗೆ ಒದಗಲಿ ಎಂಬುದನ್ನು ಬಿಟ್ಟರೆ ಈ ತಾರೀಖಿಗೆ ಬೇರೆ ಕಾರಣ ಪ್ರಸ್ತುತ ಲೇಖಕನಿಗೆ ಹೊಳೆಯುತ್ತಿಲ್ಲ. ಹಾಡಿನ ಹೆಸರು ‘ಬೊಹೀಮಿಯನ್ ರ‍್ಯಾಪ್ಸೊಡಿ’; ಬರೆದವನೂ ಹಾಡಿದವನೂ ಫ್ರೆಡಿ ಮರ್ಕ್ಯುರಿ. ಅದು ಇಂಗ್ಲೆಂಡಿನ ಪಟ್ಟಿಯಲ್ಲಿ ಒಂಬತ್ತು ವಾರ ಮೊದಲ ಸ್ಥಾನ ಬಿಟ್ಟು ಏಳಲಿಲ್ಲ. ಅರ್ಥವೇನೆಂದು ಕೇಳಿದವರಿಗೆ ಕರ್ತೃ ಸಾಯುವವರೆಗೂ ಬಿಡಿಸಿ ಹೇಳಲಿಲ್ಲ. ಕವಿ ಬಾಯಿ ಬಿಡದ ಕಡೆ ಸಂಶೋಧಕನಿಗೆ ಸುಗ್ಗಿ.

ಕವಿಚರಿತೆಯ ಕ್ರಮದಂತೆ ಮೊದಲು ಸ್ಥಳ. ಈತನ ಪೂರ್ವನಾಮ ಫರೋಖ್ ಬಲ್ಸಾರಾ; ಮನೆತನ ಪಾರ್ಸಿ; 1946ರಲ್ಲಿ ಜಂಜಿಬಾರಿನಲ್ಲಿ ಜನನ. ಎಂಟರ ಪ್ರಾಯದಲ್ಲಿ ಇವನನ್ನು ಪುಣೆಯಿಂದ ನೂರು ಕಿಲೋಮೀಟರ್ ಆಚೆಗಿನ ಪಂಚಗಣಿಯ ಸೇಂಟ್ ಪೀಟರ್ಸ್ ಶಾಲೆಗೆ ಹಾಕಿದರು. 1958ರಲ್ಲಿ ಅಲ್ಲೇ ಸಹಪಾಠಿಗಳನ್ನು ಕೂಡಿಸಿಕೊಂಡು ‘ದ ಹೆಕ್ಟಿಕ್ಸ್’ ಎಂಬ ಮೇಳ ಕಟ್ಟಿ ಪಿಯಾನೊ ನುಡಿಸಿದ. ಇಷ್ಟನ್ನು ಎಲ್ಲರೂ ಒಪ್ಪುತ್ತಾರೆ. ಆದರೆ ಕವಿರಾಜಮಾರ್ಗವು ಕನ್ನಡ ನಾಡಿಗೆ ಕಾವೇರಿ, ಗೋದಾವರಿಗಳನ್ನು ಎಲ್ಲೆಯಾಗಿ ಹೇಳಿರುವುದನ್ನೂ, ಪುಣೆ ಮತ್ತು ಪಂಚಗಣಿ ಎರಡೂ ಗೋದಾವರಿಯ ಈಚೆಗೇ ಇರುವುದನ್ನೂ ಇದರ ಪಕ್ಕದಲ್ಲಿಟ್ಟು ನೋಡುವ ಧೈರ್ಯ ಯಾರಿಗೂ ಬಂದಂತಿಲ್ಲ. ಒಂಬತ್ತನೆಯ ಶತಮಾನದ ಪ್ರಮಾಣ ಹಳತಾಯಿತೆನ್ನುವವರಿಗೆ ಇಪ್ಪತ್ತನೆಯದರಿಂದಲೂ ಒಂದನ್ನು ಕೊಡಬಹುದು. 1956ರ ನವೆಂಬರ್ 1ರ ತನಕ ಸಾತಾರಾ, ಸೊಲ್ಲಾಪುರ, ಧಾರವಾಡ ಮೂರೂ ಒಂದೇ ಮುಂಬಯಿ ರಾಜ್ಯದ ಜಿಲ್ಲೆಗಳು. ಬೇಂದ್ರೆಯವರು ಆಗ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು. ಹೀಗೆ ಸ್ವಲ್ಪ ಕಾಲವಾದರೂ ಅಂಬಿಕಾತನಯದತ್ತರೂ ಈ ಬಾಲಕನೂ ಒಂದೇ ಸರಕಾರದ ಪ್ರಜೆಗಳು. ಇಬ್ಬರೂ ಭೇಟಿಯಾಗಿದ್ದರೆಂಬುದಕ್ಕೆ ಆಧಾರವಿಲ್ಲ. ಭೇಟಿಯಾಗಿರಲಿಲ್ಲ ಎಂಬುದಕ್ಕೂ ಯಾರೂ ಆಧಾರ ಒದಗಿಸಿಲ್ಲ.

ಇದಕ್ಕಿಂತ ದೊಡ್ಡ ಸಾಕ್ಷಿ ನದಿ. ಕೃಷ್ಣೆ ಮಹಾಬಳೇಶ್ವರದಲ್ಲಿ ಹುಟ್ಟಿ ಪಂಚಗಣಿಯ ಬುಡದಲ್ಲಿ ಹಾದು ವಾಯಿಗೆ ಇಳಿಯುತ್ತಾಳೆ. ಪುಣೆಯ ಮುಳಾ, ಮುಠಾಗಳ ನೀರು ಭೀಮೆಗೆ ಸೇರಿ, ಭೀಮೆ ರಾಯಚೂರಿನ ಹತ್ತಿರ ಕೃಷ್ಣೆಯನ್ನು ಕೂಡುತ್ತದೆ. ಒಬ್ಬ ಹಾಡುಗಾರ ಹುಡುಗ ತನ್ನ ಬಾಲ್ಯದ ವರ್ಷಗಳಲ್ಲಿ ಸ್ನಾನ ಮಾಡುತ್ತ ಹಾಡಿಕೊಂಡದ್ದೆಲ್ಲ ಯಾವ ದಿಕ್ಕಿಗೆ ಹರಿದಿರಬೇಕೆಂದು ಹೇಳಲು ಭೂಗೋಳದ ಏಳನೆಯ ತರಗತಿ ಸಾಕು.

ಇನ್ನು ಪಾಠಶೋಧನೆ. ಈ ವಿದ್ಯೆಗೆ ಪುಣೆಯೇ ತವರು. ಅಲ್ಲಿನ ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರ ಮಹಾಭಾರತದ ಪರಿಷ್ಕರಣವನ್ನು 1919ರಲ್ಲಿ ಕೈಗೆತ್ತಿಕೊಂಡು 1966ರಲ್ಲಿ ಮುಗಿಸಿತು. ನಾವು ಬಾಲ್ಯದಿಂದ ನಂಬಿಕೊಂಡು ಬಂದ ಎಷ್ಟೋ ಪ್ರಸಂಗಗಳು ಆ ಕೆಲಸದಲ್ಲಿ ಅಡಿಟಿಪ್ಪಣಿಗೆ ಇಳಿದವು. ಅದೇ ವಿಧಾನವನ್ನು ಇಲ್ಲಿಗೂ ಹಚ್ಚಬೇಕು. 2023ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಸದಬೀಸ್ ಹರಾಜಿನಲ್ಲಿ ಹಾಡಿನ ಹಸ್ತಪ್ರತಿ ಹದಿಮೂರು ಲಕ್ಷ ಪೌಂಡಿಗೂ ಮಿಕ್ಕಿ ಮಾರಾಟವಾಯಿತು. ವಿಮಾನ ಕಂಪನಿಯೊಂದರ ಕ್ಯಾಲೆಂಡರ್ ಹಾಳೆಗಳ ಮೇಲೆ ಬರೆದದ್ದು. ಶೀರ್ಷಿಕೆಯ ಜಾಗದಲ್ಲಿ ಕವಿ ಮೊದಲು ‘ಮಂಗೋಲಿಯನ್ ರ‍್ಯಾಪ್ಸೊಡಿ’ ಎಂದು ಬರೆದು, ಮೊದಲ ಪದ ಹೊಡೆದುಹಾಕಿ, ಮೇಲೆ ‘ಬೊಹೀಮಿಯನ್’ ಎಂದು ತಿದ್ದಿದ್ದಾನೆ. ಮಂಗೋಲಿಯಕ್ಕೂ ಈ ಹಾಡಿಗೂ ಏನು ನಂಟು? ಏನೂ ಇಲ್ಲ. ಲಿಪಿಕಾರನ ಕೈದೋಷವನ್ನು ಕಳೆದರೆ ಉಳಿಯುವ ಶುದ್ಧಪಾಠ ‘ಮ್ಯಾಂಗಲೋರಿಯನ್ ರ‍್ಯಾಪ್ಸೊಡಿ’ ಎಂಬುದು ಕರಾವಳಿಯವರಿಗಾದರೂ ಕೂಡಲೇ ಹೊಳೆಯಬೇಕಿತ್ತು. ಲಿಪಿಕಾರನೂ ಕವಿಯೂ ಒಬ್ಬನೇ ಅಲ್ಲವೇ ಎಂಬ ಆಕ್ಷೇಪವನ್ನು ಮುಂದೆ ಪರಿಶೀಲಿಸಲಾಗುವುದು. (ಸ್ಥಳಾಭಾವದಿಂದ ಪರಿಶೀಲಿಸಿಲ್ಲ.)

ಛಂದಸ್ಸಿನಲ್ಲಿ ಸಂದೇಹಕ್ಕೆ ಎಡೆಯೇ ಇಲ್ಲ. ಪಾಶ್ಚಾತ್ಯರು ಈ ಹಾಡಿಗೆ ಪಲ್ಲವಿ ಇಲ್ಲವೆಂದು ಬೆರಗಾಗಿ, ಅದರಲ್ಲಿ ಆರು ಭಾಗಗಳನ್ನು ಎಣಿಸುತ್ತಾರೆ: ಪಕ್ಕವಾದ್ಯವಿಲ್ಲದ ಪೀಠಿಕೆ, ಲಾವಣಿಯಂಥ ಕಥನ, ಗಿಟಾರಿನ ಬಿಡಿವಾದನ, ಆಪೆರಾ, ಗಡಸು ರಾಕ್, ಮುಕ್ತಾಯ. ಆರು ಪಾದ, ಪಲ್ಲವಿ ಇಲ್ಲ. ಇದಕ್ಕೆ ನಮ್ಮಲ್ಲಿ ಏನನ್ನುತ್ತಾರೆಂದು ಹೈಸ್ಕೂಲು ಹುಡುಗರನ್ನು ಕೇಳಿದರೂ ಹೇಳಿಯಾರು. ಒಂದೇ ತೊಡಕು. ಷಟ್ಪದಿಯಲ್ಲಿ ಮೂರನೆಯ ಮತ್ತು ಆರನೆಯ ಪಾದಗಳು ಉಳಿದವಕ್ಕಿಂತ ಉದ್ದವಿರಬೇಕು. ಇಲ್ಲಿ ಮೂರನೆಯದು, ಎಂದರೆ ಗಿಟಾರು, ಬರೀ 28 ಸೆಕೆಂಡು, ಆರರಲ್ಲೂ ಗಿಡ್ಡ. ಪಾಠ ಇಲ್ಲಿ ಲುಪ್ತವಾಗಿದೆ ಎನ್ನದೆ ವಿಧಿಯಿಲ್ಲ. ಧ್ವನಿಯ ಮೇಲೆ ಧ್ವನಿ ಪೇರಿಸಿ ಪೇರಿಸಿ ಮೂಲ ಟೇಪು ಸವೆದು, ಬೆಳಕಿಗೆ ಹಿಡಿದರೆ ಆಚೆ ಕಾಣುವಷ್ಟು ತೆಳುವಾಗಿತ್ತೆಂದು ಮೇಳದವರೇ ಹೇಳಿಕೊಂಡಿದ್ದಾರೆ. ಹುಳು ತಿಂದ ಓಲೆಗರಿಗಳ ಜೊತೆ ಬಾಳಿದವರಿಗೆ ಇದು ಹೊಸ ಸಂಗತಿಯಲ್ಲ.

ಈಗ ವಸ್ತು. ಒಬ್ಬ ಮಗ ತಾಯಿಯ ಮುಂದೆ ನಿಂತು, ತಾನೊಬ್ಬನನ್ನು ಕೊಂದೆನೆಂದು ಹೇಳಿಕೊಳ್ಳುತ್ತಾನೆ. ಸತ್ತವನ ಹೆಸರಿಲ್ಲ. ಅರ್ಧ ಶತಮಾನದಿಂದ ಜಗತ್ತು ಆ ಹೆಸರಿಗಾಗಿ ತಲೆ ಕೆಡಿಸಿಕೊಂಡಿದೆ. ನಮ್ಮ ಕಡೆ ಅಡಿಕೆ ಸುಲಿಯುತ್ತ ಕೂತವರೂ ಹೇಳುತ್ತಾರೆ: ಕೊಂದವನು ಬಬ್ರುವಾಹನ, ಸತ್ತವನು ಅರ್ಜುನ, ಕೇಳಿಸಿಕೊಂಡವಳು ಚಿತ್ರಾಂಗದೆ. ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಕಥೆ ವಿಸ್ತಾರವಾಗಿದೆ, ಅದೂ ವಾರ್ಧಕ ಷಟ್ಪದಿಯಲ್ಲಿ. ಯಕ್ಷಗಾನದಲ್ಲಿ ಬಬ್ರುವಾಹನ ಕಾಳಗ ಇಂದಿಗೂ ರಂಗ ಬಿಟ್ಟಿಲ್ಲ. ಹಾಡು ಬಂದ ಎರಡೇ ವರ್ಷಕ್ಕೆ, 1977ರಲ್ಲಿ, ಹುಣಸೂರು ಕೃಷ್ಣಮೂರ್ತಿಯವರ ‘ಬಬ್ರುವಾಹನ’ ಚಿತ್ರ ತೆರೆಗೆ ಬಂತು; ತಂದೆಯೂ ಮಗನೂ ರಾಜಕುಮಾರರೇ. ಇತ್ತ ಕ್ವೀನ್ ಮೇಳದ ಆಪೆರಾ ಭಾಗದಲ್ಲಿ ದೊಡ್ಡ ಗುಂಪು ಹಾಡಿದಂತೆ ಕೇಳಿದರೂ ಹಾಡಿದವರು ಮರ್ಕ್ಯುರಿ, ಬ್ರಯನ್ ಮೇ, ರೋಜರ್ ಟೇಲರ್ ಮೂವರೇ. ಎರಡೂ ಕಡೆ ಕೆಲವರೇ ಹಲವರಾಗುವ ಈ ಚಮತ್ಕಾರವನ್ನು ಕಾಕತಾಳೀಯ ಎನ್ನುವವರು ತೌಲನಿಕ ಅಧ್ಯಯನಕ್ಕೆ ತಕ್ಕವರಲ್ಲ.

ಯಕ್ಷಗಾನ ಎಂದದ್ದು ಸುಮ್ಮನೆ ಅಲ್ಲ. ಹಾಡಿನ ನಡುವೆ ‘ಬಿಸ್ಮಿಲ್ಲಾ’ ಎಂಬ ಶಬ್ದ ಬರುತ್ತದೆ. ಬಪ್ಪನಾಡು ಕ್ಷೇತ್ರ ಮಹಾತ್ಮೆಯ ಬಪ್ಪ ಬ್ಯಾರಿಯನ್ನು ನೋಡಿದ ಪ್ರೇಕ್ಷಕನಿಗೆ ಇದು ಅಚ್ಚರಿಯೇ ಅಲ್ಲ. ಹಾಡಿನ ಬೆನ್ನಿಗೇ, 1975ರ ನವೆಂಬರಿನಲ್ಲಿ, ಬಂದ ದೊಡ್ಡ ತಟ್ಟೆಗೆ ಮಾರ್ಕ್ಸ್ ಸಹೋದರರ ಸಿನಿಮಾದ ಹೆಸರಿಟ್ಟರೆಂದು ಪ್ರತೀತಿ. ಆ ಹೆಸರನ್ನು ಕನ್ನಡಿಸಿದರೆ ‘ರಾತ್ರಿಯ ಆಟ’ ಎಂದಾಗುತ್ತದೆ. ಹೆಚ್ಚು ಹೇಳುವುದು ಬೇಡ. ಕಟ್ಟಕಡೆಗೆ, ಎಲ್ಲ ವಾದ್ಯ ಅಡಗಿದ ಮೇಲೆ, ರೋಜರ್ ಟೇಲರ್ ಒಂದೇ ಒಂದು ಏಟು ಜಾಗಟೆ ಹೊಡೆಯುತ್ತಾನೆ. ಪಾಶ್ಚಾತ್ಯರು ಅದಕ್ಕೆ ಗಾಂಗ್ ಎನ್ನುತ್ತಾರೆ. ಜಾಗಟೆ ಯಾರ ಕೈಯಲ್ಲಿರುತ್ತದೆ ಎಂದು ಬಡಗಿನವರನ್ನು ಕೇಳಿ, ತೆಂಕಿನವರನ್ನು ಕೇಳಿ; ಉಳಿದೆಲ್ಲ ವಿಷಯಕ್ಕೆ ಜಗಳಾಡುವ ಇಬ್ಬರೂ ಇದಕ್ಕೆ ಮಾತ್ರ ಭಾಗವತರ ಹೆಸರನ್ನೇ ಹೇಳುತ್ತಾರೆ.

ಸ್ವಾಗತದ ಕಥೆಯೂ ಈ ಸಿದ್ಧಾಂತಕ್ಕೇ ಪೋಷಕ. ಇಎಂಐ ಕಂಪನಿಯ ದೊಡ್ಡವರು ಹಾಡು ಕೇಳಿ, ಐದು ನಿಮಿಷ 55 ಸೆಕೆಂಡು ಅತಿ ದೀರ್ಘ, ರೇಡಿಯೋದವರು ಹಾಕುವುದಿಲ್ಲ ಎಂದರು. ಕ್ಯಾಪಿಟಲ್ ರೇಡಿಯೋದ ಕೆನ್ನಿ ಎವೆರೆಟ್ ಎರಡು ದಿನಗಳಲ್ಲಿ 14 ಸಲ ಹಾಕಿ ಜನರನ್ನು ಅಂಗಡಿಗಳಿಗೆ ಅಟ್ಟಿದ. ರಾತ್ರಿ ಒಂಬತ್ತಕ್ಕೆ ಚೌಕಿಪೂಜೆ ನೋಡಿ ಬೆಳಗಿನ ಮಂಗಳದವರೆಗೆ ಚಾಪೆ ಬಿಡದವರಿಗೆ ಆರು ನಿಮಿಷ ದೀರ್ಘವಾಗುವ ಬಗೆ ತಿಳಿಯದು. ಕಾಲಮಿತಿ ಯಕ್ಷಗಾನವನ್ನು ಮೊದಲು ಆಡಿಸಿದವರು ಯಾರೆಂದು ಚರ್ಚಿಸುವವರು ಇಎಂಐ ಕಂಪನಿಯ ಹೆಸರನ್ನೂ ಪಟ್ಟಿಗೆ ಸೇರಿಸುವುದು ಒಳ್ಳೆಯದು. ಇನ್ನೊಂದು ವಿಚಿತ್ರ. ತಾಯಿಯನ್ನು ಕರೆಯುವ ಈ ಹಾಡನ್ನು 1976ರ ಜನವರಿ ಕೊನೆಗೆ ಮೊದಲ ಸ್ಥಾನದಿಂದ ಇಳಿಸಿದ್ದು ಅಬ್ಬಾ ಮೇಳದ ‘ಮಮ್ಮಾ ಮಿಯಾ’. ಮಗನ ತಪ್ಪೊಪ್ಪಿಗೆಗೆ ತಾಯಿಯ ಕಡೆಯ ಉತ್ತರ ಎಂದೇ ತಿಳಿಯಬೇಕು. 1991ರಲ್ಲಿ ಕವಿ ತೀರಿಕೊಂಡ ಮೇಲೆ ಅದೇ ಹಾಡು ಮತ್ತೆ ಐದು ವಾರ ಮೊದಲ ಸ್ಥಾನಕ್ಕೆ ಏರಿತು. ಸಂಜೀವಕ ಮಣಿಯಿಂದ ಅರ್ಜುನ ಎದ್ದು ಕೂತದ್ದನ್ನು ಓದುಗರು ಇಲ್ಲಿ ನೆನೆಯತಕ್ಕದ್ದು.

ಪೂರ್ವಪಕ್ಷವನ್ನು ಮುಚ್ಚಿಡುವುದು ಶಾಸ್ತ್ರಸಮ್ಮತವಲ್ಲ. ಸದಾಶಿವ ಪೇಠೆಯ ನಿವೃತ್ತ ಗೃಹಸ್ಥರೊಬ್ಬರು, ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ವಾದ ಮಾಡುವುದಿಲ್ಲ ಎಂಬ ಷರತ್ತಿನ ಮೇಲೆ, ತಮ್ಮ ಪಕ್ಷ ಮಂಡಿಸಿದರು. “ಅಹೋ ಸಾಹೇಬ, ಪಂಚಗಣಿ ನಮ್ಮದು, ಹುಡುಗ ನಮ್ಮದು, ನೀರೂ ನಮ್ಮದು. ನಿಮ್ಮ ಆಲಮಟ್ಟಿಗೆ ಬರೋ ಮೊದಲು ಅದು ನಮ್ಮ ಧೋಮ್ ಧರಣ ದಾಟಬೇಕು. ಅರ್ಧ ಹಾಡು ಅಲ್ಲೇ ನಿಂತಿದೆ.” ವಾದ ಗಟ್ಟಿ. ಆದರೆ ಹಾಡುಗಾರರ ವಿಷಯದಲ್ಲಿ ಪುಣೆಗೂ ನಮಗೂ ಒಂದು ಹಳೆಯ ಲೆಕ್ಕ ಬಾಕಿ ಇದೆ. ಕುಂದಗೋಳದ ಸವಾಯಿ ಗಂಧರ್ವರನ್ನು ಕೊಟ್ಟೆವು, ಗದಗಿನ ಭೀಮಸೇನ ಜೋಶಿಯವರನ್ನು ಕೊಟ್ಟೆವು. 1953ರಿಂದ ಅಲ್ಲಿ ಸವಾಯಿ ಗಂಧರ್ವರ ಹೆಸರಿನ ಉತ್ಸವವೂ ನಡೆದಿದೆ. ಪ್ರತಿಯಾಗಿ ಒಬ್ಬರೂ ಬಂದಿಲ್ಲ. ಮರ್ಕ್ಯುರಿಯನ್ನು ಆ ಖಾತೆಗೆ ಜಮಾ ಮಾಡಿಕೊಳ್ಳೋಣ ಎಂದದ್ದಕ್ಕೆ ಗೃಹಸ್ಥರು ಗಡಿಯಾರ ನೋಡಿ, ಒಂದು ಗಂಟೆ ಆಯಿತು ಎಂದರು.

ಆದ್ದರಿಂದ ನ್ಯಾಯಾಧಿಕರಣವೇ ಗತಿ. ಬಚಾವತ್ ನ್ಯಾಯಾಧಿಕರಣ 1973ರ ಡಿಸೆಂಬರಿನಲ್ಲಿ ಕೃಷ್ಣೆಯ 2060 ಟಿಎಂಸಿಯನ್ನು ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಕ್ಕೆ 800 ಎಂದು ಹಂಚಿತು; ಮುಂದಿನ ವರದಿ ಬಂದದ್ದು 1976ರ ಮೇ ತಿಂಗಳಲ್ಲಿ. ಹಾಡು ಬಂದದ್ದು ಈ ಎರಡರ ನಡುವೆ. ಸಕಾಲದಲ್ಲಿ ಒಂದು ಅರ್ಜಿ ಹಾಕಿದ್ದರೆ ಸೇರಿಸಿಕೊಳ್ಳುತ್ತಿದ್ದರು; ನಮ್ಮ ಸಂಸದರಿಗೆ ರಾಕ್ ಸಂಗೀತದಲ್ಲಿ ಆಸಕ್ತಿ ಇರಲಿಲ್ಲ. ಈಗಲಾದರೂ ಅದೇ ಪ್ರಮಾಣದಲ್ಲಿ 355 ಸೆಕೆಂಡುಗಳನ್ನು ಹಂಚಿದರೆ ಮಹಾರಾಷ್ಟ್ರಕ್ಕೆ 96, ನಮಗೆ 121, ಆಂಧ್ರಕ್ಕೆ 138 ಬರುತ್ತದೆ. ಹರಿವಿನ ಕ್ರಮದಲ್ಲಿ ಅಳೆದಾಗ ಕೊಲೆ ಮಹಾರಾಷ್ಟ್ರದ ಪಾಲಿಗೂ ತಾಯಿಗೆ ಹೇಳುವ ವಿದಾಯ ನಮ್ಮ ಪಾಲಿಗೂ ಬೀಳುತ್ತವೆ. ಗಿಟಾರು ಅಷ್ಟೂ ನಮ್ಮದೇ. ನಮ್ಮ ಗಡಿ ಮುಗಿಯುವುದು ಆಪೆರಾದ ನಟ್ಟನಡುವೆ: ಒಂದು ಪಕ್ಷ ಬಿಡಿ ಬಿಡಿ ಎಂದು ಗೋಗರೆಯುವ, ಇನ್ನೊಂದು ಪಕ್ಷ ಬಿಡುವುದೇ ಇಲ್ಲವೆಂದು ಹಟ ಹಿಡಿಯುವ ಜಾಗದ ಆಸುಪಾಸಿನಲ್ಲಿ. ಇದರಲ್ಲಿ ಗೋಗರೆಯುವವರು ಯಾರು, ಹಟ ಹಿಡಿಯುವವರು ಯಾರು ಎಂಬುದು ಆಯಾ ವರ್ಷದ ಮಳೆಯ ಮೇಲೆ ಅವಲಂಬಿತ.

ಕಷ್ಟವೆಂದರೆ ಜಾಗಟೆಯದು. ಅದು ಕಾಲುವೆಯ ಕೊನೆ ಭಾಗದಲ್ಲಿರುವುದರಿಂದ ಪೂರಾ ಆಂಧ್ರಕ್ಕೆ ಹೋಗುತ್ತದೆ. 2014ರ ಬಳಿಕ ಅದರಲ್ಲೂ ತೆಲಂಗಾಣ ಪಾಲು ಕೇಳುವುದು ಖಚಿತ. ಈ ಪ್ರಬಂಧದ ಸಿದ್ಧಾಂತ ನಿಂತಿರುವುದೇ ಆ ಒಂದು ಏಟಿನ ಮೇಲೆ. ನಮ್ಮ ಪಾಲಿನ ಇಡೀ ಗಿಟಾರನ್ನು ಬಿಟ್ಟುಕೊಟ್ಟು ಜಾಗಟೆಯನ್ನು ಪಡೆಯಲು ಅವಕಾಶ ಕೋರಿ ಮೇಲ್ಮನವಿ ಸಿದ್ಧವಾಗಿದೆ; ತಡೆಯಾಜ್ಞೆಗಾಗಿ ಸದಾಶಿವ ಪೇಠೆಯ ಗೃಹಸ್ಥರೂ ಒಬ್ಬ ವಕೀಲರನ್ನು ಗೊತ್ತುಮಾಡಿದ್ದಾರೆಂದು ಸುದ್ದಿ.