ಪರೀಕ್ಷಿತ

ಪುರಾಣದ ಪರೀಕ್ಷಿದ್ರಾಜನಿಗೆ ಲಭಿಸಿದ್ದ ಕಾಲಾವಕಾಶ ಏಳು ದಿನ. ನಮ್ಮ ಪರೀಕ್ಷಿತನಿಗೆ ಲಭಿಸುವುದು 120 ನಿಮಿಷ. ಆ ಮಹಾರಾಜನು ಏಳು ದಿನಗಳಲ್ಲಿ ಭಾಗವತವನ್ನು ಆದ್ಯಂತವಾಗಿ ಶ್ರವಣಮಾಡಿ ಮುಕ್ತನಾದನು; ಈತನಾದರೋ ಐದು ವರ್ಷಗಳಿಂದಲೂ ನವೆಂಬರ್ ಮಾಸದ ಕಡೆಯ ಭಾನುವಾರದಂದು ಮೈಸೂರಿನ ಯಾವುದೋ ಒಂದು ಕಂಪ್ಯೂಟರ್ ಕೊಠಡಿಯಲ್ಲಿ ಕುಳಿತು, ನಲವತ್ತು ನಲವತ್ತು ನಿಮಿಷಗಳ ಮೂರು ಸ್ಕಂಧಗಳನ್ನು ಮುಗಿಸಿ, ಮುಕ್ತಿಗೆ ಕೂದಲೆಳೆಯಷ್ಟು ಕಡಿಮೆಯಾದ ಅವಸ್ಥೆಯಲ್ಲಿ ಗುಂಡ್ಲುಪೇಟೆಯ ಬಸ್ಸು ಹತ್ತಿ ಮನೆಗೆ ಮರಳುತ್ತಾನೆ. ಶಾಲೆಯ ದಾಖಲೆಯಲ್ಲಿ ಅವನಿಗೆ ಬೇರೊಂದು ಹೆಸರುಂಟು. ಹೈಸ್ಕೂಲಿನಲ್ಲಿ ಅವನಿಗೆ ಕನ್ನಡ ಹೇಳಿಕೊಟ್ಟ ಅಧಿಕಾರದಿಂದ ಈ ಎರಡನೆಯ ಹೆಸರನ್ನು ಇಟ್ಟವನು ನಾನು. ಅವನು ಬೇಸರಿಸಲಿಲ್ಲ. "ಹಿಂದೆ ಒಂದು 'ಪುನಃ' ಸೇರಿಸ್ಬುಡಿ ಸಾ, ಇನ್ನೂ ಸರಿಹೋಯ್ತದ" ಎಂದು ನಕ್ಕನು.

ಆ ಪರೀಕ್ಷೆಗೆ ಕ್ಯಾಟ್ ಎಂದು ಹೆಸರು. ಐಐಎಂ ಎಂಬ ವ್ಯವಹಾರಾಧ್ಯಯನದ ಮಹಾಪೀಠಗಳ ಬಾಗಿಲಿಗೆ ಅದೇ ಕೀಲಿಕೈಯೆಂದು ನಂಬಿ, ದೇಶದ ಎರಡು ಲಕ್ಷಕ್ಕೂ ಮಿಕ್ಕ ತರುಣ ತರುಣಿಯರು ಒಂದೇ ದಿನ ಮೂರು ಪಾಳಿಗಳಲ್ಲಿ ಅದನ್ನು ಬರೆಯುತ್ತಾರೆ. ಸರಿಯುತ್ತರಕ್ಕೆ 3 ಅಂಕ; ಕೊಟ್ಟ ಆಯ್ಕೆಗಳಲ್ಲಿ ತಪ್ಪಾದುದನ್ನು ಆರಿಸಿದರೆ 1 ಅಂಕ ದಂಡ; ಬಂದ ಫಲಿತಾಂಶಕ್ಕೆ ಆಯುಷ್ಯ ಒಂದೇ ವರ್ಷ. ಇಷ್ಟು ಕಠಿನವಾದ ನಿಬಂಧನೆಗಳನ್ನು ವಿಧಿಸಿದ ಪುಣ್ಯಾತ್ಮರು, ಎಷ್ಟು ಸಲ ಬರೆಯಬಹುದು, ಎಷ್ಟು ವಯಸ್ಸಿನವರೆಗೆ ಬರೆಯಬಹುದು ಎಂಬಲ್ಲಿಗೆ ಬಂದಾಗ ಮಾತ್ರ ಏಕಾಏಕಿ ಉದಾರಿಗಳಾಗಿ, ಯಾವ ಮಿತಿಯನ್ನೂ ಹಾಕದೆ ಬಿಟ್ಟರು. ಪರೀಕ್ಷಿತನೆಂಬ ಜಾತಿಯು ಹುಟ್ಟಿದ್ದು ಆ ಔದಾರ್ಯದ ಹೊಟ್ಟೆಯಲ್ಲಿ.

ಈ ಜಾತಿಯವರನ್ನು ನಪಾಸಾದವರೆಂದು ತಿಳಿಯುವುದು ಮಹಾಪ್ರಮಾದ. ನನ್ನ ಕಾಲದಲ್ಲಿ ಎಸ್ಸೆಸ್ಸೆಲ್ಸಿಗೆ ಘಜನಿ ಮಹಮ್ಮದನಂತೆ ದಂಡೆತ್ತಿ ಹೋಗುವವರಿದ್ದರು. ಅವರು ಸೋತವರು, ಸೋತೆವೆಂದು ಅರಿತವರು, ಗಣಿತದಲ್ಲಿ ಮೂವತ್ತೈದು ಬಂದ ಮರುದಿನವೇ ಪುಸ್ತಕಗಳನ್ನು ಅರ್ಧ ಬೆಲೆಗೆ ಮಾರಿ ಸುಖವಾಗಿ ನಿದ್ರೆ ಮಾಡಿದವರು. ಕ್ಯಾಟಿನಲ್ಲಿ ಪಾಸೂ ಇಲ್ಲ, ನಪಾಸೂ ಇಲ್ಲ. 'ಇನ್ನೂ ಸ್ವಲ್ಪ' ಎಂಬುದೊಂದೇ ಇರುವುದು. ನಮ್ಮ ಪರೀಕ್ಷಿತನು ನಮ್ಮ ಸರ್ಕಾರದವರ ಪಿಜಿಸಿಇಟಿಯನ್ನೂ ಒಮ್ಮೆ ಬರೆದು, ಮೈಸೂರಿನಲ್ಲಿಯೇ ಎಂಬಿಎಗೆ ಸೀಟು ಸಿಕ್ಕುವಂತಿದ್ದಾಗ, "ತಪ್ಪಿಗೆ ದಂಡವಿಲ್ಲದ ಪರೀಕ್ಷೆಯೂ ಒಂದು ಪರೀಕ್ಷೆಯೆ ಸಾರ್?" ಎಂದು ಬಿಟ್ಟುಕೊಟ್ಟವನು. ಗೆಲವು ಕೈಗೆಟುಕಿದೊಡನೆ ಅದು ಸಣ್ಣದಾಗಿ ಕಾಣುವ ಈ ವ್ಯಾಧಿಗೆ ನಮ್ಮ ಆಯುರ್ವೇದದಲ್ಲಿ ಏನು ಹೆಸರೋ ಅರಿಯೆ.

ಮೊದಲ ವರ್ಷ ಅವನಿಗೆ 81 ಪರ್ಸೆಂಟೈಲು ಬಂತು. ಪರ್ಸೆಂಟೇಜು ಬೇರೆ, ಪರ್ಸೆಂಟೈಲು ಬೇರೆ ಎಂಬ ಸೂಕ್ಷ್ಮವನ್ನು ಮನೆಯವರಿಗೆ ತಿಳಿಯಹೇಳಲು ಅವನು ಆ ಪರೀಕ್ಷೆಗೆ ಪಟ್ಟುದಕ್ಕಿಂತ ಹೆಚ್ಚು ಶ್ರಮಪಟ್ಟನು. ಮೂರನೆಯ ವರ್ಷ 92 ಬಂದಾಗ ಅಜ್ಜಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು, "ನೂರು ಜನ್ವ ಸಾಲಾಗಿ ನಿಲ್ಸುದ್ರ, ತೊಂಬತ್ತೆರಡು ಜನ ನನ್ ಹಿಂದ ಇರ್ತರ ಕನಜ್ಜಿ" ಎಂದು ಸಾರವನ್ನು ಹಿಂಡಿ ಕೊಟ್ಟನು. ಅಜ್ಜಿ ಎಲೆಯಡಿಕೆಯನ್ನು ದವಡೆಯ ಈ ಕಡೆಯಿಂದ ಆ ಕಡೆಗೆ ಸಾಗಿಸುತ್ತ ಬಹಳ ಹೊತ್ತು ಆಲೋಚಿಸಿ ಕೇಳಿದಳು:

"ಅಲ್ಲ ಕನ ಮೊಗ, ಮುಂದಿರ ಎಂಟು ಜನ ಯಾರ ಮಕ್ಕ?"

ಪರೀಕ್ಷಿತನ ಜೀವನವೆಲ್ಲ ಆ ಎಂಟು ಜನರ ಅನ್ವೇಷಣೆಯೇ ಆಗಿಹೋಯಿತು. ನಾಲ್ಕನೆಯ ವರ್ಷ ಅವನು ಹಿಂದೆಂದೂ ಇಲ್ಲದಷ್ಟು ಓದಿದನು. ಹೆದ್ದಾರಿಯಲ್ಲಿ ರಾತ್ರಿ ಒಂಬತ್ತಕ್ಕೆ ಬಂಡೀಪುರದ ಗೇಟು ಬಿದ್ದು, ಕೇರಳಕ್ಕೆ ಹೋಗತಕ್ಕ ಲಾರಿಗಳು ಗುಂಡ್ಲುಪೇಟೆಯ ಅಂಚಿನಲ್ಲಿ ಸಾಲುಗಟ್ಟಿ ನಿಂತು, ಚಾಲಕರು ಚಕ್ರದ ಮಗ್ಗುಲಲ್ಲಿ ಚಾಪೆ ಹಾಸಿಕೊಳ್ಳುವ ವೇಳೆಗೆ ಇವನು ಪುಸ್ತಕ ತೆರೆದರೆ, ಬೆಳಗ್ಗೆ ಆರಕ್ಕೆ ಗೇಟು ಎದ್ದು ಹಾರನ್ನುಗಳು ಕೂಗುವವರೆಗೆ ಮುಚ್ಚುತ್ತಿರಲಿಲ್ಲ. ಅಷ್ಟಾಗಿಯೂ ಆ ವರ್ಷ ಬಂದದ್ದು 91. ಓದು ಏರಿದಷ್ಟೂ ಅಂಕ ಇಳಿದ ಈ ವೈಚಿತ್ರ್ಯಕ್ಕೆ ಅವನಲ್ಲಿ ಉತ್ತರ ಸಿದ್ಧವಾಗಿತ್ತು: ತಾನು ನಿಂತಲ್ಲಿಯೇ ನಿಂತಿದ್ದೇನೆ, ಅಕ್ಕಪಕ್ಕದವರು ಓಡಿದರು, ಮೇಲಾಗಿ ತನ್ನದು ಮಧ್ಯಾಹ್ನದ ಪಾಳಿ, ಆ ಪಾಳಿಯ ಪ್ರಶ್ನೆಗಳು ಒಂದು ಬಗೆ, ಬೆಳಗಿನವು ಇನ್ನೊಂದು ಬಗೆ, ಎರಡನ್ನೂ ಸರಿತೂಗಿಸಲು ನಾರ್ಮಲೈಸೇಶನ್ ಎಂದು ಒಂದು ಲೆಕ್ಕ ಹಾಕುತ್ತಾರೆ, ಆ ಲೆಕ್ಕದಲ್ಲಿ ತನಗೆ ಅನ್ಯಾಯವಾಯಿತು. ನಮ್ಮ ಸೀಮೆಯ ಬೇಸಾಯಗಾರರು ಮುಂಗಾರಿನ ಮಾತನ್ನಾಡುವ ಧ್ವನಿಯಲ್ಲಿಯೇ ಅವನು ಆ ನಾರ್ಮಲೈಸೇಶನ್ನಿನ ಮಾತನ್ನಾಡುತ್ತಿದ್ದನು. ಪಕ್ಕದ ಹೊಲಕ್ಕೆ ಬಿದ್ದು ತಮ್ಮ ಹೊಲಕ್ಕೆ ಬೀಳದ ಮಳೆಯನ್ನು ಕುರಿತು ದೂರುವವರಲ್ಲಿ ಇರುವ ತೃಪ್ತಿ ಅವನ ಮುಖದಲ್ಲಿತ್ತು.

ಹಗಲು ಮನೆಯಲ್ಲಿ ತಂದೆಯ ಮಂಡಿಯ ಗದ್ದಲ. ಆದಕಾರಣ ತೆರಕಣಾಂಬಿಯ ಮೇಲೆ ಬರುವ ಬಸ್ಸನ್ನು ಹಿಡಿದು ಅವನು ಪ್ರತಿದಿನವೂ ಚಾಮರಾಜನಗರಕ್ಕೆ, ಗ್ರಂಥಾಲಯಕ್ಕೆ, ಬರುವುದು ವಾಡಿಕೆ. ನಾನೂ ನಿವೃತ್ತನಾದ ಮೇಲೆ ದಿನಪತ್ರಿಕೆಯ ನೆಪದಲ್ಲಿ ಅಲ್ಲಿಗೆ ಹೋಗುವವನಾದ್ದರಿಂದ ನಮ್ಮ ಗುರುಶಿಷ್ಯ ಸಂಬಂಧವು ಎರಡನೆಯ ಸಲ ಆರಂಭವಾಯಿತು. ಈ ಊರಿನ ಸಹವಾಸವೇ ಅವನ ಗ್ರಹಚಾರಕ್ಕೆ ಕಾರಣವೆಂದು ಅವನ ಸೋದರತ್ತೆಯ ಮತ. ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾನೆಂಬ ಅಪವಾದ ಈ ಪಟ್ಟಣಕ್ಕೆ ದಶಕಗಳ ಕಾಲ ಅಂಟಿಕೊಂಡಿತ್ತಷ್ಟೆ. ಸಿದ್ದರಾಮಯ್ಯನವರು ಮತ್ತೆ ಮತ್ತೆ ಬಂದುಹೋಗಿಯೂ 2013ರಿಂದ 2018ರವರೆಗೆ ಪೂರ್ಣಾವಧಿ ಆಳಿದ ಮೇಲೆ ಅದು ಸಡಿಲವಾಯಿತಾದರೂ, ಅತ್ತೆಯಂತಹವರ ಮನಸ್ಸಿನಲ್ಲಿ ಉಳಿದೇ ಇದೆ. ಪರೀಕ್ಷಿತನು ಇದಕ್ಕೆ ತರ್ಕಶಾಸ್ತ್ರದ ಕ್ರಮದಲ್ಲಿ ಉತ್ತರ ಕೊಟ್ಟನು: "ಕುರ್ಚಿ ಇರವ್ರ್ ತಾನೆ ಅತ್ತೆ ಕಳ್ಕೊಳದು? ನಂಗೆಲ್ಲದ?"

ಮರಳಿ ಬರೆಯುವುದರಲ್ಲಿ ಅವಮಾನವಿಲ್ಲವೆಂಬುದಕ್ಕೂ ಅವನು ಈ ಊರಿನಿಂದಲೇ ಪ್ರಮಾಣ ತರುತ್ತಿದ್ದನು. ಅರಿಕುಠಾರವೆಂದು ಇದ್ದ ಊರನ್ನು ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆ ಹುಟ್ಟಿದ ಸ್ಥಳವೆಂಬ ಅಭಿಮಾನದಿಂದ 1818ರಲ್ಲಿ ಚಾಮರಾಜನಗರವೆಂದು ಕರೆಯಲಿಲ್ಲವೆ? ಅನಂತರ 1997ರಲ್ಲಿ ಅದು ಮೈಸೂರಿನಿಂದ ಬೇರೆಯಾಗಿ ಜಿಲ್ಲೆಯ ಪದವಿಗೇರಲಿಲ್ಲವೆ? ಒಂದು ಊರಿಗೇ ಮೇಲೇರಲು ನೂರ ಎಪ್ಪತ್ತೊಂಬತ್ತು ವರ್ಷ ಬೇಕಾದ ಪಕ್ಷದಲ್ಲಿ, ಒಬ್ಬ ಮನುಷ್ಯನಿಗೆ ಐದು ವರ್ಷವನ್ನು ಹೆಚ್ಚೆನ್ನುವುದು ಯಾವ ನ್ಯಾಯ? ಇತಿಹಾಸವನ್ನು ಇಷ್ಟು ಚೆನ್ನಾಗಿ ಉಪಯೋಗಿಸುವವನು ಆ ಪರೀಕ್ಷೆಯಲ್ಲಿ ಇತಿಹಾಸವನ್ನೇ ಕೇಳದಿರುವುದರಿಂದ ನಷ್ಟಪಟ್ಟನೆಂದೇ ನನ್ನ ಅಭಿಪ್ರಾಯ.

ಆದರೂ ಅವನು ಮುಖ ಕೆಳಗೆ ಹಾಕುವ ದಿನವೊಂದು ವರ್ಷದಲ್ಲಿ ಬರುತ್ತದೆ. ಚಾಮರಾಜೇಶ್ವರನ ತೇರು ಎಳೆಯುವುದು ಆಷಾಢದಲ್ಲಿ. ಬೇರೆ ಕಡೆ ಆಷಾಢವೆಂದರೆ ಹೊಸ ಸೊಸೆ ತವರುಮನೆ ಸೇರುವ ಕಾಲವಾದರೆ, ಇಲ್ಲಿ ಹೊಸದಾಗಿ ಮದುವೆಯಾದವರು ಜೋಡಿಜೋಡಿಯಾಗಿ ಬಂದು ತೇರಿಗೆ ಹಣ್ಣುಜವನ ಎಸೆಯುವ ಕಾಲ. ಅವನ ಸಹಪಾಠಿಗಳು ಒಬ್ಬೊಬ್ಬರಾಗಿ ರೇಷ್ಮೆಯ ಪಂಚೆಯಲ್ಲಿ ಬಂದರು. ಮುಂದಿನ ವರ್ಷ ಹೆಗಲಿನ ಮೇಲೆ ಕೂಸನ್ನು ಕೂರಿಸಿಕೊಂಡು ಬಂದರು. ಆ ಕೂಸು ಈಗ ತಾನೇ ಬಾಳೆಹಣ್ಣು ಎಸೆಯುವಷ್ಟು ಬೆಳೆದಿದೆ. "ಇನ್ನೂ ಓದ್ತಾ ಇದ್ದೀಯಾ?" ಎಂದು ಅವರು ಕೇಳುವುದು ಗೌರವದಿಂದಲೇ. ನಮ್ಮ ಕಡೆ 'ಓದುತ್ತಿದ್ದಾನೆ' ಎಂಬುದು ಉದ್ಯೋಗದಷ್ಟೇ ಮರ್ಯಾದೆಯುಳ್ಳ ಸ್ಥಿತಿ; ಅದಕ್ಕೆ ಸಂಬಳವಿಲ್ಲ, ನಿವೃತ್ತಿಯೂ ಇಲ್ಲ. ವರ್ಷಕ್ಕೊಮ್ಮೆ ಹೊರಟು, ಅಷ್ಟು ಜನರಿಂದ ಎಳೆಸಿಕೊಂಡು, ಹೊರಟಲ್ಲಿಗೇ ಬಂದು ನಿಲ್ಲುವ ಆ ತೇರನ್ನು ನೋಡುತ್ತ ನಿಂತಿದ್ದಾಗ ನನಗೊಂದು ಉಪಮೆ ಹೊಳೆಯಿತು. ನುಂಗಿಕೊಂಡೆ.

ಅವನ ತಂದೆ ಗುಂಡ್ಲುಪೇಟೆಯಲ್ಲಿ ಅರಿಸಿನ, ಸಣ್ಣ ಈರುಳ್ಳಿಗಳ ವ್ಯಾಪಾರಿ. ಏಳನೆಯ ತರಗತಿಗೆ ಓದು ಮುಗಿಸಿದವರು. ಒಂದು ಸಾಯಂಕಾಲ ನಾನು ಅವರ ಜಗಲಿಯಲ್ಲಿ ಕುಳಿತಿದ್ದಾಗ, ಮಗನು ಒಂದು ಸಮಸ್ಯೆಯ ಮೇಲೆ ಪೆನ್ಸಿಲು ಕಚ್ಚುತ್ತಿದ್ದನು: ಎಂಟು ಮಂದಿ ದುಂಡುಮೇಜಿನ ಸುತ್ತ ಕುಳಿತಿದ್ದಾರೆ, ಎ ಎಂಬಾತನು ಬಿ ಎಂಬಾತನ ಪಕ್ಕದಲ್ಲಿ ಕೂರಲೊಲ್ಲನು, ಸಿ ಎಂಬಾಕೆ ಡಿಗೆ ಎದುರಾಗಿದ್ದಾಳೆ, ಇತ್ಯಾದಿ. ತಂದೆ ಕೇಳಿದರು:

"ಯಾಕ್ಲಾ ಕೂರಲ್ಲ ಅವ್ನು? ಜಮೀನ್ ತಕ್ರಾರಾ?"

"ಅದ್ನೆಲ್ಲ ಕೊಟ್ಟಿಲ್ಲ ಕನಪ್ಪ."

"ಕಾರಣ ಗೊತ್ತಿಲ್ದೆ ಜನ್ವ ಹೆಂಗ್ಲಾ ಕೂರ್ಸೀಯ? ತತ್ತಾ ಇಲ್ಲಿ."

ಅವರು ಎಲೆಯಡಿಕೆಯ ತಟ್ಟೆಯಿಂದ ಎಂಟು ಅಡಿಕೆಯ ಹೋಳುಗಳನ್ನು ಆರಿಸಿ ಚಾಪೆಯ ಮೇಲೆ ಸುತ್ತಲೂ ಇಟ್ಟರು. ಎ ಎಂಬ ಹೋಳಿಗೆ ದೊಡ್ಡಪ್ಪನ ಹೆಸರಿಟ್ಟರು. ಬಿ ಎಂಬುದಕ್ಕೆ ಬೇಗೂರಿನ ಬೀಗರ ಹೆಸರು. ಸಿ ಎಂಬ ಹೋಳು ಚಿಕ್ಕಮ್ಮನಾಯಿತು. ಮಗಳ ಮದುವೆಯಲ್ಲಿ ನಾನೂರು ಮಂದಿಯನ್ನು, ಅವರಲ್ಲಿ ಪರಸ್ಪರ ಮಾತು ಬಿಟ್ಟವರೇ ನೂರು ಮಂದಿಯನ್ನು, ಒಂದು ಜಗಳವೂ ಆಗದಂತೆ ಪಂಕ್ತಿಯಲ್ಲಿ ಕೂರಿಸಿ ಉಣ್ಣಿಸಿದ ಕೈ ಅದು. ಹೋಳುಗಳು ಅತ್ತಿತ್ತ ಸರಿದವು; ಬೀಗರಿಗೆ ಒಮ್ಮೆ ಕಂಬಕ್ಕೆ ಒರಗುವ ಅನುಕೂಲವೂ ದೊರೆತು, ನಿಯಮವಿಲ್ಲವೆಂದು ಮಗನು ಹೇಳಿದ ಮೇಲೆ ರದ್ದಾಯಿತು. ಕೊನೆಗೆ ಉತ್ತರ ಪುಸ್ತಕದ ಉತ್ತರವೇ ಆಗಿತ್ತು. ಪರೀಕ್ಷಿತನು ಮೊಬೈಲಿನಲ್ಲಿ ಹೊತ್ತು ನೋಡಿ, "ಹನ್ನೊಂದು ನಿಮಿಷ. ತುಂಬ ನಿಧಾನ" ಎಂದನು. ತಂದೆ ದೊಡ್ಡಪ್ಪನನ್ನು ಬಾಯಿಗೆ ಹಾಕಿಕೊಂಡು ಅಗಿದರು.

ಬೆಂಗಳೂರಿನ ಐಐಎಂ ಇರುವುದು ಬನ್ನೇರುಘಟ್ಟ ರಸ್ತೆಯಲ್ಲಿ; 1973ರಲ್ಲಿ ಆರಂಭವಾದದ್ದು. ಬಾಲಕೃಷ್ಣ ದೋಷಿಯವರು ಫತೇಪುರ ಸಿಕ್ರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ ಆ ಕಲ್ಲುಗೋಡೆಗಳ, ನೆಳಲುಬೆಳಕಿನ ಮೊಗಸಾಲೆಗಳ ಚಿತ್ರವು ಪರೀಕ್ಷಿತನ ಮೊಬೈಲಿನ ಮುಖಪಟದಲ್ಲಿ, ಮಾದಪ್ಪನ ಚಿತ್ರದ ಸ್ಥಾನದಲ್ಲಿ, ಇದೆ. ಒಮ್ಮೆ ಅವನು ಆ ಹೆಬ್ಬಾಗಿಲ ಎದುರಿನವರೆಗೂ ಹೋಗಿ ಎಳನೀರು ಕುಡಿದು ಬಂದನು. ಆದರೆ ಅಲ್ಲಿಯವರು ಕ್ಯಾಟಿನ ಅಂಕವೊಂದನ್ನೇ ನೋಡುವುದಿಲ್ಲ. ಹತ್ತನೆಯ ತರಗತಿಯಲ್ಲಿ ಎಷ್ಟು, ಹನ್ನೆರಡನೆಯದರಲ್ಲಿ ಎಷ್ಟು ಎಂದೂ ತೂಗಿ ನೋಡುತ್ತಾರೆ. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಇವನಿಗೆ 100ಕ್ಕೆ 58. ಕ್ಯಾಟನ್ನು ನೂರು ಸಲ ಬರೆದರೂ ಆ 58 ಜನ್ಮಾಂತರದ ಕರ್ಮದಂತೆ ಕದಲದೆ ನಿಂತಿರುತ್ತದೆ. ಕನ್ನಡದಲ್ಲಿ ಮಾತ್ರ ಅವನಿಗೆ 125ಕ್ಕೆ 121 ಬಂದಿತ್ತೆಂಬುದನ್ನು ನಾನು ಇಲ್ಲಿ ಯಾವ ದುರುದ್ದೇಶವೂ ಇಲ್ಲದೆ ಹೇಳುತ್ತಿದ್ದೇನೆ.

ಐದನೆಯ ಸಲದ ಪರೀಕ್ಷೆಯ ದಿನ, ಮೈಸೂರಿನಲ್ಲಿ ನನಗೂ ಒಂದು ನಾಮಕರಣವಿದ್ದುದರಿಂದ, ಬೆಳಗಿನ ಬಸ್ಸಿನಲ್ಲಿ ಅವನೊಡನೆ ಹೋದೆ. ಪ್ಲಾಸ್ಟಿಕ್ ಕವರಿನಲ್ಲಿ ಪ್ರವೇಶಪತ್ರ. ಹಣೆಯಲ್ಲಿ ತಾಯಿ ಇಟ್ಟ ಮಾದಪ್ಪನ ವಿಭೂತಿ. ಕಂಡಕ್ಟರನು ಟಿಕೆಟು ಹರಿಯುತ್ತ, "ಈ ವರ್ಸಾನೂ ಅದಾ?" ಎಂದನು. ಪರೀಕ್ಷಾಕೇಂದ್ರದ ಬಾಗಿಲಲ್ಲಿ ಕೈಗಡಿಯಾರ, ಪರ್ಸು, ಮೊಬೈಲು ಎಲ್ಲವನ್ನೂ ಹೊರಗಿರಿಸಿದರು. ವಿಭೂತಿಗೆ ಮಾತ್ರ ಯಾರೂ ಅಡ್ಡಿಪಡಿಸಲಿಲ್ಲ.

ಫಲಿತಾಂಶ ಬಂದ ವಾರದಲ್ಲಿ ನಾನು ಗುಂಡ್ಲುಪೇಟೆಗೆ ಹೋದಾಗ ತಂದೆ ಮಕ್ಕಳಿಬ್ಬರೂ ಗೋದಾಮಿನಲ್ಲಿದ್ದರು. ಅಂಕ 93. ಅದರ ಪ್ರಸ್ತಾಪ ಅಲ್ಲಿರಲಿಲ್ಲ, ಅರಿಸಿನದ ಪ್ರಸ್ತಾಪವಿತ್ತು. ಬೇಯಿಸಿ, ಒಣಗಿಸಿ, ಪಾಲಿಶ್ ಮಾಡಿಸಿ ಚೀಲ ತುಂಬಿದ್ದ ಅರಿಸಿನವು ಸೂರಿನವರೆಗೂ ನಿಂತಿತ್ತು. ಬೆಲೆ ಬರಲೆಂದು ಇಟ್ಟು ಮೂರು ವರ್ಷವಾಗಿತ್ತು. ಈರೋಡಿನ ಪೇಟೆಯಿಂದ ಅಂದಿನ ಧಾರಣೆ ತಿಳಿದು ಬಂದಿತ್ತು. ಇಟ್ಟಾಗಿನದಕ್ಕಿಂತ ಮೇಲೆಯೇ ಇತ್ತು. ಪರೀಕ್ಷಿತನು ಹಳೆಯ ಬಿಲ್ಲಿನ ಹಿಂಬದಿಯಲ್ಲಿ, ಗ್ರಂಥಾಲಯದಲ್ಲಿ ನಾನೆಂದೂ ಕಾಣದ ವೇಗದಿಂದ, ಒಣಗಿ ಕಳೆದ ತೂಕ, ಹುಳ ತಿಂದದ್ದು, ಗೋದಾಮಿನ ಬಾಡಿಗೆ, ಹಾಕಿದ ಹಣಕ್ಕೆ ಮೂರು ವರ್ಷದ ಬಡ್ಡಿ ಎಲ್ಲವನ್ನೂ ಕೂಡಿ ಕಳೆದು, ಇನ್ನೊಂದು ವರ್ಷ ಕಾದರೆ ಎಷ್ಟು ಬೆಲೆ ಬಂದರೂ ಗಿಟ್ಟದೆಂದು ಎರಡು ನಿಮಿಷದಲ್ಲಿ ಸಾಧಿಸಿ ತೋರಿಸಿದನು. ಎಲ್ಲಿಯೂ ಒಂದು ತಪ್ಪಿರಲಿಲ್ಲ.

ತಂದೆ ಚೀಲದಿಂದ ಒಂದು ಕೊಂಬನ್ನು ತೆಗೆದು, ಪಟ್ಟೆಂದು ಮುರಿದು, ಒಳಗಿನ ಬಣ್ಣವನ್ನು ಬೆಳಕಿಗೆ ಹಿಡಿದು ನೋಡಿದರು. "ಮಾಲು ಹೆಂಗದ ನೋಡಿ ಮೇಷ್ಟ್ರೆ, ಇದ್ಕ ಈ ಬೆಲೆನಾ?" ಎಂದರು. ಮಗನ ಕೈಯ ಚೀಟಿಯ ಕಡೆಗೂ ಒಮ್ಮೆ ನೋಡಿದರು. "ಬರ ವರ್ಸ ನೋಡವ."

ಮಗನು ಏನೋ ಹೇಳಲು ಬಾಯಿ ತೆರೆದವನು, ನನ್ನ ಮುಖ ನೋಡಿ, ಚೀಟಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡನು. ಕೆಳಗಿನ ಸಾಲಿನಲ್ಲಿ ಇಲಿ ಒಂದು ಚೀಲದ ಮೂಲೆಯನ್ನು ಕತ್ತರಿಸಿತ್ತು. ಗೋಡೆಯಿಂದ ಒಂದು ಗೇಣು ಈಚೆಗೆ ಎಳೆದು ಅಡ್ಡಲಾಗಿ ಇಡಬೇಕೆಂದು ತೀರ್ಮಾನವಾಗಿ, ತಂದೆ ಒಂದು ಕಡೆ, ಮಗ ಒಂದು ಕಡೆ ಬಗ್ಗಿದರು. ನಾನೂ ಪಂಚೆಯನ್ನು ಎತ್ತಿ ಕಟ್ಟಿ ಒಂದು ಮೂಲೆ ಹಿಡಿದೆ.